ನೀರು ಕೇಳಿದ ದೇವರು

ಸಂಘಟನೆಯ ಗೆಳೆಯರು ನನಗೆ ಆಗಾಗ ಒಂದು ಪ್ರಶ್ನೆ ಹಾಕುತ್ತಾರೆ. ಏಪ್ರಿಲ್ 14ಕ್ಕೆ ನೀಲಿ ಬಾವುಟ ಹಿಡಿದು ಮೆರವಣಿಗೆಗೆ ಬರ್ತೀಯ, ಭಾನುವಾರ ಬಂದರೆ ದೇವಾಲಯಕ್ಕೆ ಹೋಗಿ ಮೊಣಕಾಲೂರುತೀಯ. ಬಾಬಾಸಾಹೇಬರೂ ಬೇಕು, ಯೇಸುವೂ ಬೇಕು ಅಂದರೆ ಹೇಗೆ? ಕೆಲವರು ಇನ್ನೂ ನೇರವಾಗಿ ಕೇಳುತ್ತಾರೆ: ದೇವರನ್ನು ನಂಬಿ ಕೂತದ್ದಕ್ಕೇ ಅಲ್ಲವೇ ನಮ್ಮ ಜನ ಇಷ್ಟು ಕಾಲ ಕೆಟ್ಟದ್ದು?

ಪ್ರಶ್ನೆ ಸರಿಯಾಗಿಯೇ ಇದೆ. ಇದಕ್ಕೆ ಸಿಟ್ಟು ಮಾಡಿಕೊಳ್ಳುವವನು ನಾನಲ್ಲ. ಆದರೆ ಉತ್ತರ ಹೇಳುವುದಕ್ಕೆ ನಾನು ದೇವತಾಶಾಸ್ತ್ರ ಓದಿಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಅನ್ನೋ ಕಾಗದ ಕೈಲಿ ಹಿಡಿದವನು ನಾನೇ ಮೊದಲಿಗ. ನನಗೆ ಗೊತ್ತಿರುವುದು ಬೀದರ್ ಜಿಲ್ಲೆಯ ನಮ್ಮ ಮಾದಿಗರ ಕೇರಿ, ನಮ್ಮವ್ವ, ಆಕೆ ದಿನಾ ಮಾಡುವ ಒಂದು ಕೆಲಸ. ಆ ಕೆಲಸಕ್ಕೆ ನಮ್ಮ ಅಯ್ಯನವರು ಪ್ರಸಂಗ ಮಾಡುವಾಗ ವಿಶ್ವಾಸ ಅನ್ನುತ್ತಾರೆ, ನಂಬಿಕೆ ಅನ್ನುತ್ತಾರೆ. ಅವ್ವ ಹಾಗೆ ಅನ್ನುವುದಿಲ್ಲ. ಆಕೆಯ ಬಾಯಲ್ಲಿ ಅದಕ್ಕೆ ಭರೋಸ ಅಂತ ಹೆಸರು.

ಈ ಎರಡು ಮಾತಿನ ನಡುವೆ ದೊಡ್ಡ ಅಂತರವಿದೆ. ನಂಬಿಕೆ ಅನ್ನೋದು ನಮ್ಮ ಕಡೆ ಮೇಲೆ ನೋಡುವ ಮಾತಾಗಿಬಿಟ್ಟಿದೆ. ಧಣಿಯನ್ನು ನಂಬಬೇಕು, ಸ್ವಾಮಿಯನ್ನು ನಂಬಬೇಕು, ಓಟು ಕೇಳಲು ಬಂದವನನ್ನು ನಂಬಬೇಕು. ನಂಬಿದವನು ಕೆಳಗೆ, ನಂಬಿಸಿಕೊಂಡವನು ಮೇಲೆ. ಭರೋಸ ಹಾಗಲ್ಲ. ಅದು ಪಕ್ಕಕ್ಕೆ ನೋಡುವ ಮಾತು. ತೊಗರಿ ಕೊಯ್ಯಲು ಹೋಗುವಾಗ ಕೂಸನ್ನು ಬಾಜೂ ಮನೆಯಾಕೆಯ ಹತ್ತಿರ ಬಿಟ್ಟು ಹೋಗುತ್ತಾರಲ್ಲ, ಅದು ಭರೋಸ. ಚೀಟಿ ಬರೆಯದೆ ಕೈಗಡ ಕೊಡುವುದು ಭರೋಸ. ಬಾವಿಗೆ ಇಳಿದವನು ಮೇಲೆ ಹಗ್ಗ ಹಿಡಿದವನ ಮೇಲೆ ಇಡುವುದು ಭರೋಸ. ಅದು ಒಂದು ದಿನಕ್ಕೆ ಬರುವಂಥದ್ದಲ್ಲ. ಜೊತೆಗೆ ದುಡಿದು, ಜೊತೆಗೆ ಉಂಡು, ಜಗಳಾಡಿ, ಮತ್ತೆ ಮಾತಾಡಿ ಕಲಿಯಬೇಕಾದದ್ದು. ಇನ್ನೊಂದು ಮಾತು: ಭರೋಸ ಒಂದು ಕೈಯಿಂದ ಆಗುವುದಿಲ್ಲ. ಹಗ್ಗಕ್ಕೆ ಎರಡು ತುದಿ ಇರಲೇಬೇಕು.

ನಮ್ಮ ಮನೆತನಕ್ಕೆ ಈ ಹಗ್ಗ ಬಂದದ್ದು ನಿಜಾಮನ ಕಾಲದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮೆಥೋಡಿಸ್ಟ್ ಮಿಶನ್ನಿನವರು ಬೀದರ್ ಕಡೆ ಬಂದರು. ನನ್ನ ಮುತ್ತಜ್ಜ ಸತ್ತ ದನ ಹೊರುತ್ತಿದ್ದ, ಚರ್ಮ ಹದ ಮಾಡುತ್ತಿದ್ದ, ಊರ ಹಬ್ಬಕ್ಕೆ ಹಲಗೆ ಬಡಿಯುತ್ತಿದ್ದ. ಆತ ಯಾಕೆ ದೀಕ್ಷಾಸ್ನಾನ ತಗೊಂಡ ಎಂದು ಕೇಳಿದರೆ ನಮ್ಮ ಮನೆಯ ಹಿರಿಯರು ಪಾಪ, ಪರಲೋಕ ಎಂದೇನೂ ಹೇಳುವುದಿಲ್ಲ. ಬಿಸಿಲಲ್ಲಿ ನಡೆದು ಬಂದ ಪಾದ್ರಿ ಕೇರಿಯಲ್ಲಿ ನಿಂತು ಕುಡಿಯಲು ನೀರು ಕೇಳಿದನಂತೆ. ನಮ್ಮ ಗಡಿಗೆಯ ನೀರು. ಮುತ್ತಜ್ಜಿ ಹೆದರಿ ಒಳಗೆ ಹೋದಳಂತೆ. ಆತ ಮತ್ತೆ ಕೇಳಿದನಂತೆ. ಕೊಟ್ಟ ಮೇಲೆ ಅಲ್ಲೇ ಕುಂತು ಕುಡಿದನಂತೆ. ಇಷ್ಟೇ ಕತೆ.

ಪಾದ್ರಿಗಳೆಲ್ಲ ದೇವದೂತರು ಎಂದು ನಾನು ಹೇಳುತ್ತಿಲ್ಲ. ಅವರ ಬೆನ್ನ ಹಿಂದೆ ಬಿಳಿಯರ ಆಳ್ವಿಕೆಯ ನೆರಳಿತ್ತು. ನಮ್ಮ ಹಾಡನ್ನು, ನಮ್ಮ ಹಲಗೆಯನ್ನು ಸೈತಾನನದು ಎಂದು ಮೂಲೆಗೆ ಹಾಕಿದವರೂ ಅವರಲ್ಲಿದ್ದರು. ಆದರೆ ನೀರು ಕೇಳಿದ್ದು ಸುಳ್ಳಲ್ಲ. ಊರಿನ ಬಾವಿ ನಮ್ಮನ್ನು ಹತ್ತಿರ ಸೇರಿಸದ ಕಾಲದಲ್ಲಿ ನಮ್ಮ ನೀರು ಇನ್ನೊಬ್ಬನ ಗಂಟಲಿಗೆ ಇಳಿಯಿತು.

ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲೂ ಇದೇ ಕತೆ ಇದೆ. ಯೇಸು ಸಮಾರ್ಯದ ಊರಿಗೆ ಬರುತ್ತಾನೆ. ನಡೆದು ದಣಿದಿದ್ದಾನೆ. ಮಧ್ಯಾಹ್ನದ ಹೊತ್ತು, ಬಾವಿಯ ಕಟ್ಟೆ. ಒಬ್ಬ ಹೆಂಗಸು ಒಬ್ಬಳೇ ನೀರಿಗೆ ಬರುತ್ತಾಳೆ. ಯೆಹೂದ್ಯರು ಸಮಾರ್ಯದವರ ಪಾತ್ರೆ ಮುಟ್ಟದ ಕಾಲ ಅದು. ಈತ ಅವಳ ಹತ್ತಿರ ಕುಡಿಯಲು ನೀರು ಕೇಳುತ್ತಾನೆ. ಅವಳಿಗೆ ಗಾಬರಿ: ನೀನು ನಮ್ಮ ಕೈಯ ನೀರು ಕೇಳುವುದೇ? ಅಯ್ಯನವರು ಇದರ ಮೇಲೆ ಪ್ರಸಂಗ ಮಾಡುವಾಗ ಆ ಹೆಂಗಸಿಗೆ ಎಷ್ಟು ಜನ ಗಂಡಂದಿರಿದ್ದರು ಅನ್ನೋದರ ಮೇಲೇ ಅರ್ಧ ತಾಸು ಕಳೆಯುತ್ತಾರೆ. ಓದಲು ಬಾರದ ನಮ್ಮವ್ವನಿಗೆ ಕಂಡದ್ದು ಬೇರೆ. “ದೇವರಾದವ ಬಾಯಾರಿ ನಮ್ಮಂಥಾಕಿ ಮುಂದ ಕೈ ಚಾಚ್ಯಾನ ನೋಡು. ಮೊದಲ ಭರೋಸ ಇಟ್ಟಾವ ಅವ. ನಾವಲ್ಲ.”

1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಬೊಗಸೆಯಲ್ಲಿ ಎತ್ತಿ ಕುಡಿದಾಗ ಈ ದೇಶ ನಡುಗಿತು. ನಮಗೆ ನೀರು ಕುಡಿಯುವ ಹಕ್ಕಿದೆ ಎಂದು ಅವರು ತೋರಿಸಿದರು. ನಾವು ಕೊಟ್ಟ ನೀರನ್ನು ಕುಡಿಯಬಹುದು ಎಂದು ಸಮಾರ್ಯದ ಬಾವಿಕಟ್ಟೆಯ ಮೇಲೆ ಕುಂತವನು ತೋರಿಸಿದ. ನನ್ನ ಮನಸ್ಸಿನಲ್ಲಿ ಇವೆರಡೂ ಎಂದೂ ಜಗಳಾಡಿಲ್ಲ.

ಇನ್ನು ದಿನದ ಬದುಕಿನ ಮಾತು.

ಅವ್ವ ಬೆಳಗಿನ ಜಾವ ಎದ್ದು ಜೋಳದ ರೊಟ್ಟಿ ತಟ್ಟುವಾಗಲೇ ಪ್ರಾರ್ಥನೆ ಮಾಡುತ್ತಾಳೆ. ಕಣ್ಣು ಮುಚ್ಚಿದರೆ ರೊಟ್ಟಿ ಹೊತ್ತುತ್ತದೆ, ಅದಕ್ಕೆ ಕಣ್ಣು ತೆರೆದೇ ಮಾಡುತ್ತಾಳೆ. “ಯೇಸಪ್ಪಾ, ಇವತ್ತಿನ ದಿನ ನಿನ್ನ ಕೈಯಾಗ ಅದ. ಹಿಟ್ಟು ನನ್ನ ಕೈಯಾಗ ಅದ.” ಅಷ್ಟೇ ಆಕೆಯ ಪ್ರಾರ್ಥನೆ. ನಾಳೆಯ ಮಾತಿಲ್ಲ. ವಿಮೋಚನಕಾಂಡದಲ್ಲಿ ಐಗುಪ್ತದ ಜೀತದಿಂದ ಬಿಡಿಸಿಕೊಂಡು ಬಂದವರಿಗೆ ಅಡವಿಯಲ್ಲಿ ಮನ್ನ ಬೀಳುತ್ತದೆ. ಆ ದಿನಕ್ಕೆ ಬೇಕಾದಷ್ಟೇ ಬಳಿದುಕೊಳ್ಳಬೇಕು. ಹೆಚ್ಚು ಕೂಡಿಟ್ಟುಕೊಂಡವರ ಮನ್ನದಲ್ಲಿ ಬೆಳಗಾಗುವುದರೊಳಗೆ ಹುಳ ಬಿದ್ದಿತ್ತು. ಕಾಲೇಜಿನಲ್ಲಿ ಪ್ರೌಧೋನನ ಹೆಸರು ಕೇಳುವ ಮೊದಲೇ ಆಸ್ತಿಯ ಬಗ್ಗೆ ನಾನು ಕೇಳಿದ ಪಾಠ ಇದು. ಉಳ್ಳವರಿಗೆ ಇದು ಬರೀ ನೀತಿಕತೆ. ದಿನಗೂಲಿಯವರಿಗೆ ಇದು ಲೆಕ್ಕ. ನಾಳೆ ಕೆಲಸ ಸಿಗುತ್ತದೋ ಇಲ್ಲವೋ ಗೊತ್ತಿಲ್ಲದವಳು ನಾಳೆಯ ಹೆದರಿಕೆಗೆ ಇವತ್ತಿನ ರೊಟ್ಟಿಯನ್ನು ಒಪ್ಪಿಸುವುದಿಲ್ಲ ಅನ್ನೋದೇ ಅವಳ ಮೊದಲ ಬಂಡಾಯ.

ಆದರೆ ಭರೋಸದ ಪರೀಕ್ಷೆ ರೊಟ್ಟಿ ಇದ್ದ ದಿನ ಆಗುವುದಿಲ್ಲ. ನಾನು ಪಿಯುಸಿಯಲ್ಲಿದ್ದಾಗ ಅಪ್ಪ ಹೈದರಾಬಾದಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದ. ಬರ ಬಿದ್ದ ವರ್ಷ ನಮ್ಮ ಕೇರಿಯ ಅರ್ಧ ಮನೆಗಳಿಗೆ ಬೀಗ, ಎಲ್ಲರೂ ಹೈದರಾಬಾದು. ನಾಲ್ಕನೆಯ ಮಹಡಿಯ ಕಟ್ಟಿಗೆ ಮುರಿದು ಅಪ್ಪ ಕೆಳಗೆ ಬಿದ್ದ. ಹನ್ನೊಂದು ದಿನ ಆಸ್ಪತ್ರೆಯ ನೆಲದ ಮೇಲೆ ಕುಂತು ಅವ್ವ ಪ್ರಾರ್ಥನೆ ಮಾಡಿದಳು. ಕೇರಿಯೆಲ್ಲ ಉಪವಾಸ ಮಾಡಿತು. ಹನ್ನೆರಡನೆಯ ದಿನ ಹೆಣ ತಂದೆವು.

ಮಣ್ಣು ಮಾಡಿದ ಮೂರನೆಯ ದಿನ ಒಬ್ಬ ಪ್ರಸಂಗಿ ಸಮಾಧಾನ ಹೇಳಲು ಬಂದ. ರೋಗ ವಾಸಿ ಮಾಡುವ ಕೂಟಗಳನ್ನು ನಡೆಸುವವನು. ಸಂಪೂರ್ಣ ನಂಬಿಕೆ ಇದ್ದಿದ್ದರೆ ಕರ್ತನು ಉಳಿಸುತ್ತಿದ್ದನು ಎಂದ. ಅವ್ವ ಅಳುವುದನ್ನು ನಿಲ್ಲಿಸಿದಳು. “ನನ್ನ ನಂಬಿಕಿ ತೂಗಾಕ ನೀ ಯಾವ ತಕ್ಕಡಿ ತಂದೀಯಪ್ಪಾ? ಆ ಕಟ್ಟಿಗಿ ಕೊಳತಿತ್ತು. ಗುತ್ತೇದಾರ ಬೆಲ್ಟ್ ಕೊಟ್ಟಿರಲಿಲ್ಲ. ಯೇಸಪ್ಪನ ಹೆಸರ ಹಚ್ಚಿ ಅವನ್ನ ಯಾಕ ಪಾರ ಮಾಡ್ತಿ?”

ಗೆಳೆಯರೇ, ನಂಬಿಕೆಯ ಬಗ್ಗೆ ನಾನು ಎಷ್ಟೋ ಪುಸ್ತಕ ಓದಿದ್ದೇನೆ. ಈ ಮಾತಿಗೆ ಸಮನಾದದ್ದನ್ನು ಇನ್ನೂ ಕಂಡಿಲ್ಲ. ಮೂಢನಂಬಿಕೆ ಕಾರಣವನ್ನು ಮುಚ್ಚುತ್ತದೆ. ಭರೋಸ ಕಾರಣವನ್ನು ಹೆಸರಿಟ್ಟು ಕರೆಯುತ್ತದೆ. ದೇವರ ಚಿತ್ತ ಅನ್ನೋ ಎರಡು ಶಬ್ದದ ಕೆಳಗೆ ಎಷ್ಟು ಗುತ್ತೇದಾರರು, ಎಷ್ಟು ಸಾಹುಕಾರರು ಬೆಚ್ಚಗೆ ಮಲಗಿದ್ದಾರೆ! ಅವ್ವ ಆ ಹೊದಿಕೆಯನ್ನು ಎಳೆದು ಹಾಕಿದಳು. ಹಾಗೆಂದು ಆಕೆ ಯೇಸುವನ್ನು ಬಿಡಲಿಲ್ಲ. ಜಗಳಾಡಿದಳು. ಎಷ್ಟೋ ರಾತ್ರಿ ಆಕೆ ಆತನನ್ನು ಬೈಯುವುದನ್ನು ನಾನು ಕೇಳಿದ್ದೇನೆ. ಮನುಷ್ಯ ಬೈಯುವುದು ತನ್ನವರನ್ನೇ. ಶಿಲುಬೆಯ ಮೇಲೆ ಮೊಳೆ ಹೊಡೆಸಿಕೊಂಡವನು ತನ್ನ ತಂದೆಗೆ ಯಾಕೆ ಕೈಬಿಟ್ಟೆ ಎಂದು ಕೂಗಿ ಕೇಳಿದನಲ್ಲ, ಅದೂ ಭರೋಸದ ಮಾತೇ. ದೂರು ಹೇಳುವುದು ಅವಿಶ್ವಾಸ ಎಂದು ಕಲಿಸುವವರು ಆ ಕೂಗನ್ನು ಸುವಾರ್ತೆಯಿಂದ ಹರಿದು ಹಾಕಬೇಕಾಗುತ್ತದೆ.

ಆಮೇಲೆ ಕಾರ್ಮಿಕ ಇಲಾಖೆಯ ಅಲೆದಾಟ ಶುರುವಾಯಿತು. ಕೆಲಸದಲ್ಲಿ ಸತ್ತವನ ಮನೆಯವರಿಗೆ ಪರಿಹಾರ ಕೊಡಿಸುವ ಕಾಯ್ದೆ 1923ರಲ್ಲೇ ಬಂದಿತ್ತು. ಕಟ್ಟಡ ಕಾರ್ಮಿಕರಿಗೆಂದೇ 1996ರಲ್ಲಿ ಇನ್ನೊಂದು ಕಾಯ್ದೆ ಬಂತು. ಕಾಯ್ದೆ ಇರುವುದು ಕಾಗದದಲ್ಲಿ. ಅಪ್ಪ ಅಲ್ಲಿ ಕೆಲಸಕ್ಕಿದ್ದ ಅನ್ನೋದಕ್ಕೇ ದಾಖಲೆ ಇಲ್ಲ ಎಂದರು. ಅವ್ವ ಹೋದಳು. ಬೀದರಿನಿಂದ ರಾತ್ರಿ ಬಸ್ಸು, ಬೆಳಗ್ಗೆ ಹೈದರಾಬಾದು, ಸಂಜೆ ವಾಪಸ್ಸು. ಒಂದಲ್ಲ ಎರಡಲ್ಲ, ಹದಿನಾಲ್ಕು ಸಲ. ಆ ದಿನಗಳಲ್ಲಿ ಆಕೆ ನನ್ನಿಂದ ಮತ್ತೆ ಮತ್ತೆ ಓದಿಸಿಕೊಳ್ಳುತ್ತಿದ್ದ ಕತೆ ಲೂಕನ ಹದಿನೆಂಟನೆಯ ಅಧ್ಯಾಯದ್ದು. ದೇವರಿಗೂ ಹೆದರದ, ಮನುಷ್ಯರಿಗೂ ನಾಚದ ಒಬ್ಬ ನ್ಯಾಯಾಧಿಪತಿ. ಅವನ ಬಾಗಿಲಿಗೆ ದಿನಾ ಬಂದು ನನ್ನ ನ್ಯಾಯ ತೀರಿಸು ಎಂದು ಕಾಡುವ ಒಬ್ಬ ವಿಧವೆ. ಕಡೆಗೆ ಅವಳ ಕಾಟ ತಾಳದೆ ಅವನು ತೀರ್ಪು ಕೊಡುತ್ತಾನೆ. ಬೇಸರಪಡದೆ ಪ್ರಾರ್ಥಿಸಬೇಕು ಎಂಬುದಕ್ಕೆ ಯೇಸು ಈ ಕತೆ ಹೇಳಿದ ಎಂದು ಸುವಾರ್ತೆ ಹೇಳುತ್ತದೆ. ಪ್ರಾರ್ಥನೆಗೆ ಆತ ಕೊಟ್ಟ ಹೋಲಿಕೆ ನೋಡಿ: ಕಣ್ಣು ಮುಚ್ಚಿ ಕೂತ ಋಷಿಯಲ್ಲ, ಕಚೇರಿಯ ಬಾಗಿಲು ಬಡಿಯುವ ಹೆಂಗಸು! ಕಡೆಗೆ ಗುತ್ತೇದಾರ ಸಿಗಬೇಕಾದದ್ದರ ಅರ್ಧಕ್ಕಿಂತ ಕಡಿಮೆ ಕೊಟ್ಟ. ಅದರಲ್ಲಿ ನನ್ನ ಡಿಗ್ರಿ ಆಯಿತು.

ಡಿಗ್ರಿಗೆ ಪರಿಹಾರದ ದುಡ್ಡೇ ಯಾಕೆ, ವಿದ್ಯಾರ್ಥಿವೇತನ ಇರಲಿಲ್ಲವೇ ಎಂದು ನೀವು ಕೇಳಬಹುದು. ಇಲ್ಲಿ ನಮ್ಮ ಸಂಕಟದ ಗಂಟು ಇದೆ.

1950ರ ಆಗಸ್ಟ್ 10ರಂದು ಹೊರಟ ರಾಷ್ಟ್ರಪತಿಗಳ ಆದೇಶದ ಮೂರನೆಯ ಪ್ಯಾರಾ ಹಿಂದೂ ಧರ್ಮ ಬಿಟ್ಟವರನ್ನು ಪರಿಶಿಷ್ಟ ಜಾತಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಒಳಗೆ ಸೇರಿಸಿಕೊಂಡರು. ಅದು ನ್ಯಾಯವಾಗಿಯೇ ಆಯಿತು. ಕ್ರೈಸ್ತರೂ ಮುಸ್ಲಿಮರೂ ಆದ ದಲಿತರು ಹೊರಗೇ ಉಳಿದರು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಪರಿಶಿಷ್ಟ ಜಾತಿಗೂ ಧರ್ಮಕ್ಕೂ ಗಂಟು ಹಾಕಬೇಡಿ ಎಂದು ವರದಿ ಕೊಟ್ಟಿತು. 2004ರಲ್ಲೇ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಗಿತ್ತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿ, ಆಮೇಲೆ ಅವಧಿಯ ಮೇಲೆ ಅವಧಿ ವಿಸ್ತರಿಸಿತು. ಲೂಕನ ವಿಧವೆ ಇನ್ನೂ ಬಾಗಿಲಲ್ಲೇ ನಿಂತಿದ್ದಾಳೆ.

ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ಅಪ್ಪ ಧರ್ಮದ ಕಾಲಮ್ಮಿನಲ್ಲಿ ಕ್ರೈಸ್ತ ಎಂದು ಬರೆಸಿದ. “ದೇವರ ಮುಂದ ಒಂದು ಹೆಸರು, ತಹಸೀಲ್ದಾರನ ಮುಂದ ಒಂದು ಹೆಸರು ನನ್ನಿಂದ ಆಗಲ್ಲ” ಅಂದನಂತೆ. ನಮ್ಮ ಕಾಕಾ ತನ್ನ ಮಕ್ಕಳಿಗೆ ಹಿಂದೂ ಮಾದಿಗ ಎಂದು ಬರೆಸಿದ. ಅವನ ಮಕ್ಕಳೂ ನಮ್ಮ ಜೊತೆಗೇ ದೇವಾಲಯದಲ್ಲಿ ಹಾಡುತ್ತಾರೆ. ಅಪ್ಪನನ್ನು ಹುಂಬ ಎನ್ನುವವರಿದ್ದಾರೆ, ಕಾಕಾನನ್ನು ಕಳ್ಳ ಎನ್ನುವವರಿದ್ದಾರೆ. ನಾನು ಇಬ್ಬರನ್ನೂ ಹಾಗೆನ್ನುವುದಿಲ್ಲ. ಒಂದೇ ತಾಯಿಯ ಇಬ್ಬರು ಮಕ್ಕಳು ಅನ್ನಕ್ಕೂ ಆತ್ಮಕ್ಕೂ ನಡುವೆ ಒಂದನ್ನು ಆರಿಸಿಕೊಳ್ಳಬೇಕಾಗುವಂತೆ ಕಾಗದ ಬರೆದವರನ್ನು ಕೇಳುತ್ತೇನೆ: ನೀವು ಯಾವ ಬಾವಿಯ ನೀರು ಕುಡಿದವರು?

ಕಾಲಮ್ಮಿನಲ್ಲಿ ಬದಲಾದದ್ದು ಊರಿನಲ್ಲಿ ಬದಲಾಗಲಿಲ್ಲ. ನಮ್ಮ ಕಡೆಯ ಒಂದು ಹೋಟೆಲಿನ ಮುಂದೆ ನನ್ನ ತಮ್ಮನನ್ನು ಜಾತಿ ಹಿಡಿದು ಬೈದು ಹೊಡೆದರು. ಬೈದವರು ಅವನ ಧರ್ಮ ಯಾವುದೆಂದು ಮೊದಲು ಕೇಳಿಕೊಳ್ಳಲಿಲ್ಲ. ದೂರು ಬರೆದುಕೊಳ್ಳುವವನು ಕೇಳಿದ. ನೀವು ಕಿರಸ್ತಾನರು, ನಿಮಗೆ ಅಟ್ರಾಸಿಟಿ ಕೇಸು ಆಗಲ್ಲ ಎಂದ. 2025ರ ಏಪ್ರಿಲ್‌ನಲ್ಲಿ ಆಂಧ್ರಪ್ರದೇಶದ ಹೈಕೋರ್ಟು ಒಬ್ಬ ಪಾಸ್ಟರರ ಮೊಕದ್ದಮೆಯಲ್ಲಿ ಇದೇ ಮಾತನ್ನು ತೀರ್ಪಾಗಿ ಬರೆಯಿತು. ಹೊಡೆತ ತಿನ್ನುವಾಗ ಮಾದಿಗ, ನ್ಯಾಯ ಕೇಳುವಾಗ ಕ್ರೈಸ್ತ.

ಇನ್ನೊಂದು ಕಡೆ ನಮ್ಮ ಸಭೆಯೊಳಗಿನ ದೊಡ್ಡವರು. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ಪಟ್ಟಿಯಲ್ಲಿ ಜಾತಿಯ ಹೆಸರಿನ ಜೊತೆಗೆ ಕ್ರಿಶ್ಚಿಯನ್ ಎಂಬ ಶಬ್ದ ಇದ್ದದ್ದಕ್ಕೆ ಗದ್ದಲ ಎದ್ದಿತು. ಕ್ರೈಸ್ತರಲ್ಲಿ ಜಾತಿಯೇ ಇಲ್ಲವಲ್ಲ ಎಂದು ಹೊರಗಿನವರೂ ಹೇಳಿದರು, ಒಳಗಿನ ಕೆಲವರೂ ಹೇಳಿದರು. ಜಾತಿ ಇಲ್ಲವೇ? ನಾನು ಓದಿದ ಪಟ್ಟಣದ ಸಭೆಯಲ್ಲಿ ಮದುವೆ ಮಾತು ಎದ್ದ ಕೂಡಲೇ ನಿಮ್ಮ ಮೂಲ ಯಾವುದು ಎಂದು ಮೆಲ್ಲಗೆ ಕೇಳುತ್ತಿದ್ದರು. ಕರ್ತನ ಭೋಜನದಲ್ಲಿ ಒಂದೇ ಬಟ್ಟಲು, ಬೀಗರ ಮನೆಗೆ ಮಾತ್ರ ಬೇರೆ ಬಾಗಿಲು. 2016ರಲ್ಲಿ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ತನ್ನ ಸಭೆಯಲ್ಲಿ ಅಸ್ಪೃಶ್ಯತೆ ಇದೆ ಎಂದು ಬರೆದು ಒಪ್ಪಿಕೊಂಡಿತು. ಯೇಸುವಿನ ಮೇಲೆ ಭರೋಸ ಇಡುವುದೂ ಸಭೆಯ ಆಡಳಿತದ ಮೇಲೆ ಭರೋಸ ಇಡುವುದೂ ಒಂದೇ ಅಲ್ಲ ಎಂದು ನಾನು ಕಲಿತದ್ದು ಆ ಪಟ್ಟಣದಲ್ಲಿ.

ಬಾಬಾಸಾಹೇಬರು ಈ ಹುಣ್ಣನ್ನು ಮೊದಲೇ ಕಂಡಿದ್ದರು. ಕ್ರೈಸ್ತರಾದ ಅಸ್ಪೃಶ್ಯರ ಸ್ಥಿತಿಯ ಬಗ್ಗೆ ಅವರು ಬರೆದದ್ದು ಅವರ ಬರಹಗಳ ಐದನೆಯ ಸಂಪುಟದಲ್ಲಿದೆ. ಮತಾಂತರವಾದರೂ ಜಾತಿ ಬಿಡಲಿಲ್ಲ, ಪಾಪವೆಲ್ಲ ನಿನ್ನ ಒಳಗಿದೆ ಎಂದು ಕಲಿಸಿದ್ದರಿಂದ ಹೊರಗಿನ ಅನ್ಯಾಯದ ವಿರುದ್ಧ ಏಳುವ ಕಸುವು ಕುಂದಿತು ಅನ್ನೋದು ಅವರ ದೂರು. ಇದನ್ನು ಪ್ರತಿಯೊಂದು ಭಾನುವಾರದ ಶಾಲೆಯಲ್ಲಿ ಓದಿಸಬೇಕು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಶೂದ್ರ ದೇವತಾಶಾಸ್ತ್ರ ಬೇಕು ಎಂದು ಮಾತಾಡಿದರು. ದಲಿತ ದೇವತಾಶಾಸ್ತ್ರ ಎಂದು ಮುಂದೆ ಬೆಳೆದ ಚಿಂತನೆಯ ಬೇರು ಅಲ್ಲಿದೆ. ನಮ್ಮ ನೋವಿನಿಂದಲೇ ದೇವರ ಮಾತು ಶುರುವಾಗಬೇಕು, ದೇವರು ತಾನೇ ಸೇವಕ ಎಂದು ಅವರು ಹೇಳಿದರು. ಅವರ ಹೆಸರನ್ನೇ ಕೇಳದ ನಮ್ಮವ್ವ ಒಲೆಯ ಮುಂದೆ ಕುಂತು ಹೇಳುತ್ತಿದ್ದುದೂ ಅದನ್ನೇ.

ಈಗ ಮೊದಲ ಪ್ರಶ್ನೆಗೆ ಉತ್ತರ ಹೇಳಬಹುದು. ದೇವರನ್ನು ನಂಬಿ ಕೂತರೆ ಕೆಡುತ್ತೇವೆ, ನಿಜ. ಕೂತದ್ದರಿಂದ ಕೆಟ್ಟೆವು. ಊರ ಬಾಗಿಲ ಹೊರಗೆ, ಗುಲಾಮರಿಗೂ ದಂಗೆಕೋರರಿಗೂ ರೋಮಿನವರು ಕೊಡುತ್ತಿದ್ದ ಸಾವನ್ನು ಸತ್ತವನ ಮೇಲೆ ಭರೋಸ ಇಟ್ಟವರು ಕೂರಲು ಬರುವುದಿಲ್ಲ. ಆತ ಇರುವುದು ಕೇರಿಯ ಕಡೆ. ಆತನ ಹತ್ತಿರ ಹೋಗಬೇಕಾದರೂ ನಡೆಯಲೇಬೇಕು. ಇದನ್ನು ಯಾರೂ ಒಪ್ಪಬೇಕೆಂದು ನಾನು ಕೇಳುವುದಿಲ್ಲ. ಬುದ್ಧನ ದಾರಿ ಹಿಡಿದವರು, ಯಾವ ದೇವರೂ ಬೇಡ ಎಂದವರು, ಎಲ್ಲರೂ ನನ್ನ ಗೆಳೆಯರೇ. ನಮ್ಮ ಕೇರಿಯವರು ಮೊಣಕಾಲೂರಿದ್ದು ಬಗ್ಗುವುದಕ್ಕೆ ಅಂತ ಮಾತ್ರ ತಿಳಿಯಬೇಡಿ.

2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರದ ಕಾಯ್ದೆ ಬಂದಾಗ ಮನೆಗಳಲ್ಲಿ ನಡೆಯುತ್ತಿದ್ದ ಪ್ರಾರ್ಥನೆಗಳು ನಿಂತವು. ಜನಕ್ಕೆ ಹೆದರಿಕೆ. 2023ರ ಜೂನ್‌ನಲ್ಲಿ ಆ ಕಾಯ್ದೆ ರದ್ದು ಮಾಡುತ್ತೇವೆ ಎಂದು ಹೊಸ ಸಂಪುಟ ತೀರ್ಮಾನ ಮಾಡಿತು. ಅವ್ವ ಕಾಯ್ದೆ ಬಂದಾಗಲೂ ತನ್ನ ಬಾಗಿಲು ಹಾಕಿರಲಿಲ್ಲ. “ನಮ್ಮನ್ನ ಯಾರ ದುಡ್ಡ ಕೊಟ್ಟು ಕೊಂಡಾರಂತ? ಕೊಂಡಿದ್ರ ಮನಿ ಮ್ಯಾಲ ತಗಡ ಆದ್ರೂ ಇರತಿತ್ತು” ಅಂತ ನಗುತ್ತಿದ್ದಳು.

ಆಗಸ್ಟ್ 10ನ್ನು ದಲಿತ ಕ್ರೈಸ್ತರೂ ದಲಿತ ಮುಸ್ಲಿಮರೂ ಕರಾಳ ದಿನ ಎಂದು ಆಚರಿಸುತ್ತಾರೆ. ಹೋದ ಸಲ ನಮ್ಮ ಕೇರಿಯಿಂದ ಇಪ್ಪತ್ತೆರಡು ಜನ ಹೊರಟೆವು. ಸಂಘಟನೆಯ ಗೆಳೆಯರೂ ನೀಲಿ ಬಾವುಟದ ಜೊತೆ ಬಂದಿದ್ದರು. ತೋಳಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಕಚೇರಿಯ ಗೇಟಿನ ಹೊರಗೆ ಮಧ್ಯಾಹ್ನದವರೆಗೂ ನಿಂತೆವು. ಮನವಿ ತಗೊಳ್ಳುವವರು ಊಟಕ್ಕೆ ಹೋಗಿದ್ದರು. ಬಂದೋಬಸ್ತಿಗೆ ನಿಂತಿದ್ದ ಪೊಲೀಸಿನ ಹುಡುಗ ಬಿಸಿಲಿಗೆ ಬಾಡಿಹೋಗಿದ್ದ. ಅವ್ವ ತನ್ನ ಬಾಟಲಿ ತೆಗೆದು ಅವನ ಮುಂದೆ ಹಿಡಿದಳು. ಅವನು ಆಕೆಯ ಮುಖ ನೋಡಿದ, ತೋಳಿನ ಕಪ್ಪು ಬಟ್ಟೆ ನೋಡಿದ, ಒಂದು ಗಳಿಗೆ ತಡೆದ.

ಆಮೇಲೆ ಕೈ ಚಾಚಿದ.